ಬೇವಿನ ಸೊಪ್ಪು ಕಟ್ಟಿದ ಕಾಕಂಬಿ ಟ್ಯಾಂಕು

ಹೊಸಪೇಟೆ ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿದ್ದ ಕಾಲ. ಕಂಪ್ಲಿ ಬೇರೆ ತಾಲೂಕು ಆಗಿರಲಿಲ್ಲ. ಆಗ ನಾನು ಕಂಪ್ಲಿಯಿಂದ ಎಮ್ಮಿಗನೂರಿಗೆ ಹೋಗುವ ದಾರಿಯಲ್ಲಿದ್ದ ಒಂದು ಖಾಸಗಿ ಸಕ್ಕರೆ ಕಾರ್ಖಾನೆಯಲ್ಲಿ ಹೆಣ್ಣಾಳುಗಳ ಮೇಸ್ತ್ರಿಯಾಗಿದ್ದೆ. ಕಾರ್ಖಾನೆಯ ಹೆಸರು ಬರೆಯುವುದಿಲ್ಲ. ಅದು ಈಗ ಇಲ್ಲ, ಹೆಸರು ಇಟ್ಟುಕೊಂಡು ಯಾರೂ ಏನೂ ಮಾಡುವಂತಿಲ್ಲ.

ಮೇಸ್ತ್ರಿ ಅಂದರೆ ದೊಡ್ಡ ಹುದ್ದೆಯಲ್ಲ. ಕಬ್ಬು ಅರೆಯುವ ತಿಂಗಳುಗಳಿಗೆ ಹಂಗಾಮು ಅನ್ನುತ್ತೇವೆ. ಆ ಹಂಗಾಮಿನಲ್ಲಿ ನೆಲ ತೊಳೆಯುವುದು, ಸಿಪ್ಪೆ ಗುಡಿಸುವುದು, ಚೆಲ್ಲಿದ ಪಾಕ ಬಳಿಯುವುದು ಹೆಂಗಸರ ಕೆಲಸ. ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಹಾಜರಿ ಕೂಗುವುದು, ಅಂದರೆ ಮಸ್ಟರ್, ನನ್ನ ಕೆಲಸ. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಹೆಸರುಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದೆ. ಬರೆದುಕೊಳ್ಳಲು ಗುಮಾಸ್ತರು ಇದ್ದರು.

ನನ್ನ ಗಂಡ ಅದೇ ಕಾರ್ಖಾನೆಯಲ್ಲಿ ಕಬ್ಬು ಸಾಗಿಸುವ ಸರಪಳಿಗೆ ಸಿಕ್ಕಿ ಸತ್ತ. ಕಂಪನಿ ನನಗೆ ಎರಡು ಕೊಟ್ಟಿತು. ಒಂದು ಈ ಕೆಲಸ, ಇನ್ನೊಂದು ಕೆಲವು ಷೇರು. ಷೇರು ಅಂದರೆ ಕಂಪನಿಯಲ್ಲಿ ಪಾಲು. ದೊಡ್ಡ ಪಾಲು ಹೊಸಪೇಟೆಯ ಧಣಿಗಳದ್ದು, ಉಳಿದದ್ದು ಸುತ್ತಲಿನ ಕಬ್ಬು ಬೆಳೆಗಾರರು, ವ್ಯಾಪಾರಸ್ಥರು ಮತ್ತು ನನ್ನಂಥ ಒಬ್ಬಿಬ್ಬರದ್ದು. ವರ್ಷಕ್ಕೊಮ್ಮೆ ನಮ್ಮನ್ನೂ ಸಭೆಗೆ ಕರೆದು ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಡುತ್ತಿದ್ದರು. ಕೆಲಸ ಅನ್ನ ಹಾಕಿತು. ಷೇರು ಟ್ರಂಕಿನಲ್ಲಿ ಮಲಗಿತ್ತು.

ಆ ವರ್ಷ ಹಂಗಾಮು ಅರ್ಧ ನಡೆದಿದ್ದಾಗ ಒಂದು ಬೆಳಿಗ್ಗೆ ಪೊಲೀಸ್ ಜೀಪು, ಅದರ ಹಿಂದೆ ಬಿಳಿ ಕಾರು ಬಂದವು. ಗೇಟಿಗೆ ಆದೇಶ ಅಂಟಿಸಿದರು. ಕಾರ್ಖಾನೆ ಸರಿಯಾಗಿ ನಡೆಯುತ್ತಿಲ್ಲ, ಬೆಳೆಗಾರರ ಹಿತಕ್ಕಾಗಿ ಸರಕಾರವೇ ವಶಕ್ಕೆ ತೆಗೆದುಕೊಳ್ಳುತ್ತದೆ ಎಂದು ಅದರಲ್ಲಿ ಇತ್ತಂತೆ. ಸರಿಯಾಗಿ ನಡೆಯುತ್ತಿರಲಿಲ್ಲ ಎಂಬುದು ಸುಳ್ಳಲ್ಲ. ಧಣಿಗಳು ಮನೆಯಲ್ಲಿ ಕುಳಿತು ಫೋನಿನಲ್ಲಿ ಕಾರ್ಖಾನೆ ನಡೆಸುತ್ತಿದ್ದರು. ಯಂತ್ರ ಕೆಟ್ಟರೆ ಮುಂದಿನ ವರ್ಷ ನೋಡೋಣ ಅನ್ನುತ್ತಿದ್ದರು. ಸರಕಾರ ಕಳಿಸಿದ ಆಡಳಿತಾಧಿಕಾರಿ ಕೆಟ್ಟವರಲ್ಲ. ಬಂದ ವಾರವೇ ನಮ್ಮ ಲೈನಿಗೆ ನಲ್ಲಿ ಹಾಕಿಸಿದರು. ಲೈನು ಅಂದರೆ ಕಾರ್ಖಾನೆಯ ಹಿಂಭಾಗದಲ್ಲಿ ಕೂಲಿಯವರಿಗೆ ಕಟ್ಟಿದ ತಗಡಿನ ಮನೆಗಳ ಸಾಲು. ಆದರೆ ಆ ಸಾಹೇಬರು ಸಹಿ ಮಾಡುವ ಮೊದಲು ಕಾಗದ ತಿರುಗಿಸಿ ಹಿಂದೆ ಏನಿದೆ ಎಂದು ನೋಡುವ ಮನುಷ್ಯ.

ಸ್ವಲ್ಪ ದಿನಕ್ಕೆ ಕಂಪ್ಲಿಯ ವೀರಭದ್ರಪ್ಪ ಸಾವ್ಕಾರರು ನನ್ನ ಬಾಗಿಲಿಗೆ ಬಂದರು. ಅವರದು ರೈಸ್ ಮಿಲ್ಲು. ಸಣ್ಣ ಪಾಲುದಾರರ ಪೈಕಿ ಅವರೇ ದೊಡ್ಡವರು.

“ದುರುಗಮ್ಮ, ನಿನ್ನ ಷೇರು ಅದಾವಿಲ್ಲ?”

“ಅದಾವ್ರಿ, ಟ್ರಂಕಿನ್ಯಾಗ.”

“ಸರಕಾರ ನುಂಗಿದ್ರ ಅವು ಬರೇ ಹಾಳಿ. ನಮ್ಮನ್ನ ಒಂದು ಮಾತು ಕೇಳಿಲ್ಲ, ಒಂದು ನೋಟೀಸು ಕೊಟ್ಟಿಲ್ಲ. ನಮ್ಮ ಮನಿಗೆ ಬಂದು ನಮ್ಮನ್ನ ಹೊರಗ ಹಾಕಿದಂಗಾತು. ಪಾಲುದಾರರೆಲ್ಲ ಕೂಡಿ ಕೇಸು ಹಾಕಾಕತ್ತೀವಿ. ನಿಂದೂ ಒಂದು ಹೆಬ್ಬೆಟ್ಟು ಬೇಕು.”

“ಸಹಿ ಬರ್ತೈತ್ರಿ ನನಗ.”

“ಹಂಗಾದ್ರ ಇನ್ನೂ ಚಲೋ. ಜಡ್ಜ್ ಸಾಹೇಬ್ರು ಕಣ್ಣಾರೆ ನೋಡ್ಲಿ.”

ನಾನು ಸಹಿ ಹಾಕಿದೆ. ಗಂಡನ ಬದಲಿಗೆ ಬಂದ ವಸ್ತು ಅದು. ಹೇಳದೆ ಕೇಳದೆ ತೆಗೆದುಕೊಂಡು ಹೋಗುತ್ತೇವೆ ಅಂದರೆ ಸುಮ್ಮನಿರಲು ನನಗೆ ಆಗಲಿಲ್ಲ. ಈಗಲೂ ಆ ಸಹಿ ತಪ್ಪು ಎಂದು ನನಗೆ ಅನ್ನಿಸುವುದಿಲ್ಲ.

ಮೇಲಿನ ಕೋರ್ಟು ಸ್ಟೇಟಸ್ ಕೋ ಕೊಟ್ಟಿತು. ಕೇಸು ತೀರುವ ತನಕ ಈಗ ಹೇಗಿದೆಯೋ ಹಾಗೇ ಇರಲಿ, ಯಾವ ಕಡೆಯವರೂ ಏನನ್ನೂ ಬದಲಿಸಬೇಡಿ ಎಂದು ಅದರ ಅರ್ಥ. ನಮ್ಮವರೆಲ್ಲ ಅದನ್ನು ಸ್ಟೇ ಅನ್ನುತ್ತಿದ್ದರು. ಹೊಲಕ್ಕೆ, ಮನೆಗೆ ಇದು ಸರಿ. ಬೀಗ ಹಾಕಿದರೆ ಹಾಗೇ ಇರುತ್ತವೆ. ಅರೆಯುತ್ತಿರುವ ಸಕ್ಕರೆ ಕಾರ್ಖಾನೆ ಹಾಗೇ ಇರುವುದಿಲ್ಲ. ಆದರೆ ನಡೆಸಿದರೂ ತಪ್ಪು, ಮಾರಿದರೂ ತಪ್ಪು ಎಂದು ಸಾಹೇಬರಿಗೆ ಅವರ ವಕೀಲರು ಹೆದರಿಸಿದರು. ಬಾಯ್ಲರ್ ಆರಿಸಿಬಿಟ್ಟರು. ತೊಟ್ಟಿಯಲ್ಲಿದ್ದ ರಸ ಹುಳಿಯಾಯಿತು. ಪಾಕ ಇದ್ದಲ್ಲೇ ಕಲ್ಲಾಯಿತು. ವಾಸನೆಗೆ ಕಂಪ್ಲಿ ಬಸ್ಸಿನವರು ನಮ್ಮ ಗೇಟಿನ ಮುಂದೆ ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು.

ಉಳಿದದ್ದು ಕಾಕಂಬಿ. ಸಕ್ಕರೆಯೆಲ್ಲ ತೆಗೆದ ಮೇಲೆ ಕೊನೆಗೆ ಉಳಿಯುವ ಕಪ್ಪು ರಸವಿದು. ಸಾರಾಯಿ, ಸ್ಪಿರಿಟ್ ಮಾಡುವವರು ಟ್ಯಾಂಕರ್ ತಂದು ಒಯ್ಯುತ್ತಾರೆ. ಅದನ್ನು ತುಂಬಿಡುವ ಕಬ್ಬಿಣದ ಟ್ಯಾಂಕು ಮನೆಗಿಂತ ಎತ್ತರ. ನಮ್ಮ ಲೈನು ಅದರ ಬೆನ್ನಿಗೇ ಇತ್ತು, ಟ್ಯಾಂಕಿಗಿಂತ ತಗ್ಗಿನಲ್ಲಿ. ಬಿಸಿ ಕಾಕಂಬಿಯನ್ನು ಕೂಲರ್ ಎಂಬ ಯಂತ್ರದಲ್ಲಿ ತಣಿಸಿ ಆಮೇಲೆ ಒಳಗೆ ಬಿಡಬೇಕು. ಆ ವರ್ಷ ಕೂಲರ್ ಕೆಟ್ಟಿತ್ತು. ಧಣಿಗಳ ಕಾಲದಲ್ಲೇ ಬಿಸಿಬಿಸಿಯಾಗಿ ಬಿಟ್ಟಿದ್ದರು. ಟ್ಯಾಂಕರುಗಳು ಬಂದು ಒಯ್ಯುತ್ತಿದ್ದ ತನಕ ನಡೆಯಿತು. ಸ್ಟೇ ಬಂದ ಮೇಲೆ ಟ್ಯಾಂಕರುಗಳು ನಿಂತವು.

ಆದರೂ ಸರಕಾರದವರು ಕದ್ದು ಮಾರಿಬಿಡುತ್ತಾರೆ ಎಂದು ಪಾಲುದಾರರಿಗೆ ಅನುಮಾನ. ವೀರಭದ್ರಪ್ಪನವರು ಟ್ಯಾಂಕಿನ ಬುಡದಲ್ಲಿ ಶಾಮಿಯಾನ ಹಾಕಿಸಿ, ಬುಕ್ಕಸಾಗರದ ಹನುಮಪ್ಪನನ್ನು ಕಾವಲಿಗೆ ಕೂರಿಸಿದರು. ಅವನು ಅವರ ಗದ್ದೆ ಕಾಯುವ ಹಳೆಯ ಆಳು. ಸಾಲದು ಅಂತ ಅವರು ಇನ್ನೊಂದು ಮಾಡಿದರು. ನಮ್ಮ ಕಡೆ ಅಣ್ಣತಮ್ಮಂದಿರಿಗೆ ಬಣವೆಯ ಮೇಲೋ ನಿಂತ ಬೆಳೆಯ ಮೇಲೋ ಜಗಳ ಬಂದರೆ, ತೀರ್ಮಾನವಾಗುವ ತನಕ ಅದಕ್ಕೆ ಬೇವಿನ ಸೊಪ್ಪು ಕಟ್ಟಿ ಅಮ್ಮನ ಆಣೆ ಇಡುವುದುಂಟು. ನಡುವೆ ಯಾರು ಮುಟ್ಟಿದರೋ ಅವರದೇ ತಪ್ಪು, ಅವರೇ ಸೋತಂತೆ. ಬಿಚ್ಚಬೇಕಾದರೆ ಕಟ್ಟಿದವನೇ ಬಿಚ್ಚಬೇಕು, ಎದುರು ಪಾರ್ಟಿಯವರು ಎದುರಿಗೆ ನಿಂತಿರಬೇಕು. ವೀರಭದ್ರಪ್ಪನವರು ಪೂಜಾರಿಯನ್ನು ಕರೆಸಿ, ಕಾಯಿ ಒಡೆಸಿ, ಟ್ಯಾಂಕಿನ ಕೆಳಗಿನ ದೊಡ್ಡ ವಾಲ್ವಿಗೆ ಅರಿಶಿನದ ದಾರದಲ್ಲಿ ಬೇವಿನ ಸೊಪ್ಪು ಕಟ್ಟಿ, ಹುಲಿಗೆಮ್ಮನ ಆಣೆ ಇಟ್ಟರು. ಒಳಗಿನದು ಹೊರಗೆ ಬರಲು ಆ ವಾಲ್ವ್ ಒಂದೇ ದಾರಿ.

ನಾನು ಹನುಮಪ್ಪನಿಗೆ ಹೇಳಿದೆ, “ಕೋರ್ಟಿಂದು ಸಾಲಲಿಲ್ಲೇನು ನಿಮ್ಮ ಸಾವ್ಕಾರ್ರಿಗೆ?”

“ಕೋರ್ಟಿಂದು ಹಾಳಿ, ಮಳಿ ಬಂದ್ರ ತೊಯ್ತೈತಿ. ಅಮ್ಮಂದು ತೊಯ್ಯಂಗಿಲ್ಲ ದುರುಗಿ. ಆ ಸಾಹೇಬ ಬಳ್ಳಾರಿಯಿಂದ ಪೊಲೀಸ್ ಕರಕೊಂಡು ಬರ್ಲಿ, ಒಬ್ಬ ಮುಟ್ಲಿ ನೋಡೋಣು.”

ಅವನು ಹೇಳಿದ್ದು ಸರಿಯಾಗೇ ಇತ್ತು. ಒಬ್ಬರೂ ಮುಟ್ಟಲಿಲ್ಲ. ಸರಕಾರದವರು ಕೋರ್ಟಿಗೆ ಹೆದರಿದರು, ನಮ್ಮವರು ಅಮ್ಮನಿಗೆ ಹೆದರಿದರು.

ಚಳಿಗಾಲ. ಲೈನಿನ ಹೆಂಗಸರು ಒಗೆದ ಸೀರೆಯನ್ನು ಟ್ಯಾಂಕಿನ ಮೈಗೆ ಹರವಿದರೆ ಬೇಗ ಒಣಗುತ್ತಿತ್ತು. ಎಲ್ಲರಿಗೂ ಖುಷಿ. ಸಂಜೆ ಮುದುಕರು ಅದಕ್ಕೆ ಬೆನ್ನು ಕೊಟ್ಟು ಕುಳಿತುಕೊಳ್ಳುತ್ತಿದ್ದರು. ಕಾರ್ಖಾನೆಯ ನಾಯಿಗಳೆಲ್ಲ ಅದರ ಬುಡದಲ್ಲೇ ಮಲಗುತ್ತಿದ್ದವು. ಒಂದು ದಿನ ನೋಡಿದರೆ ನಾಯಿಗಳು ಅಲ್ಲಿಂದ ಎದ್ದು ದೂರದ ಕಬ್ಬಿನ ಅಂಗಳಕ್ಕೆ ಹೋಗಿದ್ದವು. ಒಂದೂ ತಿರುಗಿ ಬರಲಿಲ್ಲ. ಮಾರನೆಯ ವಾರ ಹರವಿದ ಸೀರೆ ಕಂದು ಬಣ್ಣಕ್ಕೆ ತಿರುಗಿತು. ಕಿವಿ ಕೊಟ್ಟರೆ ಒಳಗೆ ಗುಳುಗುಳು ಅನ್ನುತ್ತಿತ್ತು. ಸದ್ದು ಒಮ್ಮೆ ನಿಲ್ಲುವುದು, ಮತ್ತೆ ಇನ್ನೊಂದು ಮೂಲೆಯಲ್ಲಿ ಏಳುವುದು.

ಕೆಮಿಸ್ಟ್ ಸುಬ್ಬರಾವ್ ನೆಲ್ಲೂರಿನ ಕಡೆಯವರು. ಅವರಿಗೆ ಇದು ನನಗಿಂತ ಮೊದಲೇ ಗೊತ್ತಾಗಿತ್ತು. ದಿನಾ ಟ್ಯಾಂಕಿನ ಏಣಿ ಹತ್ತಿ ಉದ್ದನೆಯ ಥರ್ಮಾಮೀಟರ್ ಇಳಿಬಿಟ್ಟು ನೋಡುತ್ತಿದ್ದರು. ದಿನದಿಂದ ದಿನಕ್ಕೆ ಅವರು ಏಣಿ ಇಳಿಯುವುದು ಜೋರಾಯಿತು.

“ಒಳಗ ತಾನೇ ಕುದೀತಾ ಐತಿ ಅಮ್ಮಾ,” ಅಂದರು. “ಬೆಂಕಿ ಬೇಕಿಲ್ಲ ಅದಕ್ಕೆ. ಬಿಸಿ ತಾನೇ ಬಿಸಿನ ಹೆಚ್ಚಿಸ್ತೈತಿ. ಒಳಗ ಗಾಳಿ ತುಂಬ್ತೈತಿ. ವಾಲ್ವ್ ತೆಗೆದು ಗುಂಡಿಗೆ ಬಿಟ್ಟರೆ ಆಯ್ತು, ಒಂದು ದಿನದ ಪನಿ, ಒಂದೇ ದಿನದ ಕೆಲಸ.”

“ಸಾಹೇಬ್ರಿಗೆ ಹೇಳ್ರಿ.”

“ಬರೆದೇ ಕೊಟ್ಟೀನಿ. ವಕೀಲರನ್ನ ಕೇಳ್ತೀನಿ ಅಂದರು.”

ನಾನೇ ಸಾಹೇಬರ ಕೋಣೆಗೆ ಹೋದೆ. ಅವರು ಕುರ್ಚಿ ತೋರಿಸಿದರು. ಕುಳಿತುಕೊಂಡೆ.

“ನೀವೂ ಅರ್ಜಿದಾರರಲ್ಲವೇ, ದುರುಗಮ್ಮ? ನಿಮ್ಮ ಸಹಿ ನೋಡಿದ್ದೇನೆ,” ಅಂದರು. “ನಿಮ್ಮ ಕಡೆಯವರೇ ತಂದ ಆದೇಶ ಇದು. ನಾನು ವಾಲ್ವ್ ತೆಗೆದರೆ ನಾಳೆ ನಿಮ್ಮ ವಕೀಲರೇ ಕೋರ್ಟಿನಲ್ಲಿ ನನ್ನನ್ನು ನಿಲ್ಲಿಸುತ್ತಾರೆ. ಪಾಲುದಾರರು ಒಪ್ಪಿಗೆ ಬರೆದುಕೊಡಲಿ, ಆ ನಿಮಿಷವೇ ತೆಗೆಸುತ್ತೇನೆ.”

“ನೀವೇ ಕೋರ್ಟಿನ್ಯಾಗ ಕೇಳ್ರಿ. ಬ್ಯಾಡ ಅಂತಾರೇನು?”

“ಕೇಳಿದರೆ ಮೊದಲು ಕಾರ್ಖಾನೆ ಹಾಳಾಗಿದ್ದು ಯಾರಿಂದ ಎಂದು ಬರುತ್ತದೆ. ಈಗ ನಮ್ಮ ವಶದಲ್ಲಿದೆಯಲ್ಲ, ತಪ್ಪು ನಮ್ಮ ತಲೆಗೇ.”

ಅಲ್ಲಿಂದ ಬಸ್ಸು ಹಿಡಿದು ಕಂಪ್ಲಿಗೆ ಹೋದೆ. ವೀರಭದ್ರಪ್ಪನವರು ಮಿಲ್ಲಿನಲ್ಲಿ ಅಕ್ಕಿ ಕೈಯಲ್ಲಿ ಹಿಡಿದು ನುಚ್ಚು ನೋಡುತ್ತಿದ್ದರು.

“ಸಾವ್ಕಾರ್ರ, ಟ್ಯಾಂಕು ಕಾದೈತಿ. ಸೊಪ್ಪು ಬಿಚ್ರಿ.”

“ಸಾಹೇಬ ಕಳಿಸಿದ್ನೇನು ನಿನ್ನ?”

“ಯಾರೂ ಕಳಿಸಿಲ್ರಿ. ಲೈನಿನ್ಯಾಗ ಮಕ್ಕಳು ಮರಿ ಅದಾರ.”

“ದುರುಗಮ್ಮ, ಕಟ್ಟಿದ ಕೈಲೆ ಬಿಚ್ಚಿದ್ರ ಕೇಸು ಬಿಟ್ಟಂಗ. ನಾಳಿಗೆ ಊರೆಲ್ಲ ವೀರಭದ್ರಪ್ಪ ಸೋತ ಅಂತೈತಿ. ಟ್ಯಾಂಕು ಅಪಾಯ ಐತಿ ಅಂತ ನಾವೇ ಅಂದ್ರ, ನೋಡ್ರಿ ಇವ್ರು ಹೆಂಗ ನಡೆಸಿದ್ರು ಅಂತ ಸರಕಾರ ಅಂತೈತಿ. ಅದಕ್ಕ ತಾನೇ ಅವ್ರು ಕಾಯಾಕತ್ತಿದ್ದು?”

“ಬಂದು ಅಂಗೈ ಇಡ್ರಿ ಅದರ ಮ್ಯಾಲ. ಅಮ್ಮನ ಹೆಸರು ಹೇಳಿ ಮುಗಿಸೋ ತನ ಇಟ್ಟುಕೊಂಡ್ರಿ ಅಂದ್ರ ನನ್ನ ಮಾತು ಸುಳ್ಳು.”

ಅವರು ನಕ್ಕರು. ಚಾ ತರಿಸಿದರು. ಬರುತ್ತೇನೆ ಅನ್ನಲಿಲ್ಲ.

ಬಸ್ಸಿನಲ್ಲಿ ತಿರುಗಿ ಬರುವಾಗ ಯೋಚಿಸಿದೆ. ಟ್ಯಾಂಕು ಖಾಲಿ ಮಾಡಿಸುವುದು ನನ್ನ ಕೈಯಲ್ಲಿಲ್ಲ. ಲೈನು ಖಾಲಿ ಮಾಡಿಸುವುದು ಆಗಬಹುದು. ಆದರೆ ಹೇಳಿದರೆ ಯಾರು ಏಳುತ್ತಾರೆ? ಒಮ್ಮೆ ಮನೆ ಬಿಟ್ಟರೆ ಬೇರೆಯವರು ಬಂದು ಸೇರಿಕೊಳ್ಳುತ್ತಾರೆ ಎಂಬ ಹೆದರಿಕೆ ಎಲ್ಲರಿಗೂ ಇತ್ತು. ಬಸ್ಸು ಇಳಿದು ಲೈನಿನಲ್ಲಿ ಹೇಳಿ ನೋಡಿದೆ. ಒಬ್ಬಳು, “ಮೇಸ್ತ್ರಿ ಅಕ್ಕಗ ವಯಸ್ಸಾತು, ಕಿವ್ಯಾಗ ಗುಳುಗುಳು ಅಂತೈತಿ,” ಅಂದಳು. ಎಲ್ಲರೂ ನಕ್ಕರು.

ಕಾರ್ಖಾನೆ ನಿಂತಿದ್ದರೂ ನಮ್ಮಲ್ಲಿ ದಿನಾ ಮಸ್ಟರ್ ನಡೆಯುತ್ತಿತ್ತು. ಕೆಲಸವಿಲ್ಲದಿದ್ದರೂ ಬಂದು ನಿಂತು ಹೆಸರಿಗೆ ಓಗೊಡಬೇಕು. ತಪ್ಪಿಸಿದವರಿಗೆ ಮುಂದಿನ ಹಂಗಾಮಿನಲ್ಲಿ ಜಾಗವಿಲ್ಲ. ಹಂಗಾಮು ನಾಳೆಯೇ ಶುರುವಾಗಬಹುದು ಎಂದು ಎಲ್ಲರೂ ಜೀವ ಹಿಡಿದುಕೊಂಡಿದ್ದ ಕಾಲ ಅದು. ಮಾರನೆಯ ಬೆಳಿಗ್ಗೆ ಹೇಳಿದೆ, “ಇವತ್ತಿಂದ ಮಸ್ಟರ್ ಕಬ್ಬಿನ ಅಂಗಳದಾಗ. ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ, ದೀಪ ಹಚ್ಚಿದ ಮ್ಯಾಲ ಒಮ್ಮೆ. ಮನೀ ಮಂದಿ ಎಲ್ಲಾರೂ ಇರಬೇಕು. ಇಲ್ದವರ ಹೆಸರು ನನಗ ಮರೀತೈತಿ.”

ಕಬ್ಬಿನ ಅಂಗಳ ದಿಬ್ಬದ ಮೇಲೆ, ನಾಯಿಗಳು ಹೋಗಿ ಸೇರಿದ್ದ ಕಡೆ. ಬೈದುಕೊಂಡು ಬಂದರು. ಮೂರು ಹೊತ್ತು ಓಡಾಡುವುದು ಬೇಸರವಾಗಿ ಚಾಪೆ ತಂದರು, ಚಾಪೆಯ ಹಿಂದೆ ಒಲೆಯ ಕಲ್ಲು ಬಂದವು. ಸಂಜೆಗೆ ಲೈನು ಖಾಲಿಯಾಯಿತು.

ಉಳಿದದ್ದು ಈರಮ್ಮನ ಮನೆ. ಅವಳ ಮಗಳು ಹಸಿ ಬಾಣಂತಿ. ಗಾಳಿ ತಾಕಿದರೆ ಮಗುವಿಗೆ ಆಗುವುದಿಲ್ಲ, ಹೊಸ್ತಿಲು ದಾಟಿಸುವುದಿಲ್ಲ ಎಂದು ಈರಮ್ಮ ಬಾಗಿಲಿಗೆ ಅಡ್ಡ ಕುಳಿತಳು.

“ನಿನ್ನ ಮಸ್ಟರ್ ನಿನಗೇ ಇರ್ಲಿ. ನನ್ನ ಮೊಮ್ಮಗನ್ನ ಬಯಲಿಗೆ ಹಾಕಂಗಿಲ್ಲ.”

“ನಿನ್ನ ಮಗಳ ಹೆಸರೂ ಮಸ್ಟರ್‌ನ್ಯಾಗ ಐತಿ ಈರವ್ವ.”

“ಹೊಡದು ಹಾಕು.”

ನಾನು ಅವಳನ್ನು ದಾಟಿ ಒಳಗೆ ಹೋಗಿ ಬಾಣಂತಿಯ ನೀರು ಕಾಯಿಸುವ ಹಂಡೆಯನ್ನೇ ಎತ್ತಿಕೊಂಡು ಹೊರಟೆ. ಬಿಸಿನೀರಿಲ್ಲದೆ ಬಾಣಂತನವಿಲ್ಲ. ಈರಮ್ಮ ಕಬ್ಬಿನ ಅಂಗಳದ ತನಕ ನನ್ನನ್ನು ಬೈಯುತ್ತ ಬಂದಳು. ಅಷ್ಟರಲ್ಲಿ ಹೆಂಗಸರು ಮಗಳನ್ನೂ ಮಗುವನ್ನೂ ಕಂಬಳಿಯಲ್ಲಿ ಸುತ್ತಿ, ಕಿವಿಗೆ ಹತ್ತಿ ಇಟ್ಟು, ಅಂಗಳದಲ್ಲೇ ಇದ್ದ ಕಬ್ಬು ತೂಗುವ ಮನೆಯೊಳಗೆ ಮಲಗಿಸಿದರು. ಅದಕ್ಕೆ ಬಾಗಿಲಿತ್ತು, ಗಾಳಿ ಬರುತ್ತಿರಲಿಲ್ಲ.

ಹನುಮಪ್ಪ ಮಾತ್ರ ಏಳಲಿಲ್ಲ. ಮಂಚವನ್ನು ವಾಲ್ವಿನ ಪಕ್ಕಕ್ಕೇ ಎಳೆದುಕೊಂಡಿದ್ದ.

“ಏಳೋ ಮುದುಕ.”

“ಸಾವ್ಕಾರ್ರು ಕುಂದ್ರು ಅಂದಾರ. ಅವ್ರು ಏಳು ಅಂದ್ರ ಏಳ್ತೀನಿ. ನೀನ್ಯಾರು?”

“ಸುಡಂಗಿಲ್ಲೇನು ನಿನಗ?”

“ಚಳಿಗೆ ಮಸ್ತ್ ಐತಿ.”

ಲೈನು ಎದ್ದುಹೋದ ಸುದ್ದಿ ಕಂಪ್ಲಿ ಸಂತೆಗೆ ಮುಟ್ಟಿತು. ಮರುದಿನ ಮುಂಜಾನೆ ವೀರಭದ್ರಪ್ಪನವರು ಸ್ಕೂಟರಿನಲ್ಲಿ ಬಂದರು. ಯಾರೊಡನೆಯೂ ಮಾತನಾಡದೆ ನೇರ ಹೋಗಿ ಟ್ಯಾಂಕಿಗೆ ಅಂಗೈ ಇಟ್ಟರು. ತಕ್ಷಣ ಕಿತ್ತುಕೊಂಡರು. ಅಮ್ಮನ ಹೆಸರು ಬಾಯಿಗೆ ಬರಲಿಲ್ಲ. ಅಂಗೈ ನೋಡಿಕೊಂಡರು, ಆಮೇಲೆ ತಲೆಯೆತ್ತಿ ಮೇಲೆ ನೋಡಿದರು. ಮೇಲಿನ ಕೊಳವೆಯಿಂದ ಕಂದು ನೊರೆ ಉಕ್ಕಿ ತಗಡಿನ ಮೇಲೆ ಇಳಿಯುತ್ತಿತ್ತು.

“ಬಿಚ್ಚೋಣು,” ಅಂದರು. “ಆದ್ರ ಸಾಹೇಬ್ರು ಎದುರಿಗೆ ಬರ್ಲಿ. ಕದ್ದು ಬಿಚ್ಚಿದಂಗ ಆಗಬಾರ್ದು.”

ನಾನು ಆಫೀಸಿಗೆ ಹೋದೆ. ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು, ಮುಖದಲ್ಲಿ ಕಳೆ ಬಂತು. “ಒಳ್ಳೆಯದಾಯಿತು. ಒಪ್ಪಿಗೆ ಎಂದು ಎರಡು ಸಾಲು ಬರೆದುಕೊಡಲಿ, ವಕೀಲರಿಗೆ ಫೋನಿನಲ್ಲಿ ಓದಿ ಹೇಳಿ ಬರುತ್ತೇನೆ,” ಅಂದರು. ವೀರಭದ್ರಪ್ಪನವರು ಬರೆಯಲು ಆಫೀಸಿಗೆ ಬಂದರು. ಬರೆಯುವ ಮೊದಲು ತಮ್ಮ ವಕೀಲರನ್ನೂ ಒಂದು ಮಾತು ಕೇಳಬೇಕು ಅಂದರು. ಇಬ್ಬರೂ ಎರಡು ಕಿಟಕಿಯಲ್ಲಿ ನಿಂತು ಫೋನು ಹಚ್ಚಿದರು. ಒಬ್ಬರಿಗೆ ಸಿಗ್ನಲ್ ಇರಲಿಲ್ಲ. ಇನ್ನೊಬ್ಬರ ವಕೀಲರು ಕೋರ್ಟಿನೊಳಗೆ ಇದ್ದರಂತೆ. ಸುಬ್ಬರಾವ್ ಬಾಗಿಲಲ್ಲಿ ನಿಂತು ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡುತ್ತಿದ್ದರು.

“ಹನುಮಪ್ಪನ್ನ ಎಬ್ಬಿಸ್ಲೇನ್ರಿ?” ಎಂದು ನಾನು ವೀರಭದ್ರಪ್ಪನವರನ್ನು ಕೇಳಿದೆ.

ಅವರು ಫೋನು ಕಿವಿಯಿಂದ ತೆಗೆಯದೆ ಹೂಂ ಎಂದು ಕೈ ಮಾಡಿದರು.

ನಾನು ಹೊರಟೆ. ಸಾವ್ಕಾರರು ಏಳು ಅಂದರು ಎಂದು ಹೇಳಲು ಬಾಯಿ ತೆಗೆಯುವಷ್ಟು ಹತ್ತಿರ ಹೋಗಿರಲಿಲ್ಲ. ಹನುಮಪ್ಪ ನನ್ನನ್ನು ಕಂಡು ಕೈ ಎತ್ತಿ ಏನೋ ಅಂದ. ಹಾಸ್ಯವೇ ಇರಬೇಕು, ಮುಖದಲ್ಲಿ ನಗು ಇತ್ತು. ಟ್ಯಾಂಕಿನ ಮೈ ಮೇಲಿನಿಂದ ಕೆಳಗೆ ಸೀಳಿತು. ಅಷ್ಟು ದೊಡ್ಡ ಸದ್ದೇನೂ ಬರಲಿಲ್ಲ, ದಪ್ಪ ಬಟ್ಟೆ ಹರಿದಂತೆ ಕೇಳಿಸಿತು. ಕಪ್ಪನೆಯದು ಗೋಡೆಯಂತೆ ನಿಂತೇ ಮುಂದೆ ಬಂತು. ಶಾಮಿಯಾನ, ಮಂಚ, ಮನುಷ್ಯ ಎಲ್ಲವನ್ನೂ ಮುಚ್ಚಿಕೊಂಡು, ನಾನಿದ್ದ ಕಡೆ ಏರದೆ, ತಗ್ಗಿನ ಲೈನಿನೊಳಗೆ ಇಳಿಯಿತು. ಈರಮ್ಮನ ಮನೆಯ ಕಿಟಕಿಯವರೆಗೆ ತುಂಬಿ, ಹೊಗೆಯಾಡುತ್ತ ನಿಂತಿತು.  

ಲೈನಿನವರು ಒಬ್ಬರೂ ಸಾಯಲಿಲ್ಲ. ಹನುಮಪ್ಪನನ್ನು ತೆಗೆಯುವ ಹೊತ್ತಿಗೆ ಸಂಜೆಯಾಗಿತ್ತು. ಆ ಕೆಲಸ ನಮ್ಮ ಹೆಂಗಸರೇ ಮಾಡಿದರು. ಬಳಿಯುವುದು, ತೊಳೆಯುವುದು ನಮ್ಮದೇ ಕೆಲಸವಲ್ಲವೇ.

ಟ್ಯಾಂಕು ಸೀಳಿದ್ದು ವಾಲ್ವಿನ ಪಕ್ಕದಲ್ಲಿ. ವಾಲ್ವಿಗೆ ಏನೂ ಆಗಿರಲಿಲ್ಲ. ಅರಿಶಿನದ ದಾರವೂ ಬೇವಿನ ಸೊಪ್ಪೂ ಕಟ್ಟಿದ ಹಾಗೇ ಇದ್ದವು. ಎರಡೂ ಕಡೆಯವರು ಅದರ ಫೋಟೋ ತೆಗೆಸಿ ಕೋರ್ಟಿಗೆ ಕೊಟ್ಟರು. ನಾವು ಆದೇಶ ಮೀರಿಲ್ಲ, ವಾಲ್ವ್ ಮುಟ್ಟಿಲ್ಲ ಎಂದು ಇಬ್ಬರೂ ಪ್ರಮಾಣ ಮಾಡಿದರು. ಇಬ್ಬರೂ ನಿಜವನ್ನೇ ಹೇಳಿದರು. ಟ್ಯಾಂಕು ಖಾಲಿ ಮಾಡಲು ಅನುಮತಿ ಕೇಳಿದ್ದರೆ ಅವತ್ತೇ ಸಿಗುತ್ತಿತ್ತು ಎಂದು ಆಮೇಲೆ ನಮ್ಮ ವಕೀಲರೇ ಹೇಳಿದರು. ಮೊದಲು ಕೇಳಿದವರು ಸೋತಂತೆ ಎಂದು ಎರಡೂ ಕಡೆಯವರು ತಿಳಿದಿದ್ದರು.

ಕೇಸು ವರ್ಷಗಟ್ಟಲೆ ನಡೆಯಿತು. ಪಾಲುದಾರರ ಮಾತು ಕೇಳದೆ ವಶಕ್ಕೆ ತೆಗೆದುಕೊಂಡದ್ದು ಸರಿಯಲ್ಲ, ಕಾರ್ಖಾನೆ ಅವರಿಗೇ ಹಿಂದಿರುಗಿಸಿ ಎಂದು ಕೊನೆಗೆ ತೀರ್ಪಾಯಿತು. ವೀರಭದ್ರಪ್ಪನವರು ಪೇಡೆ ತಂದು ಕೊಟ್ಟರು. ಕೊಡುವಾಗ ಅಂಗೈಯ ಕಲೆ ಕಂಡಿತು.

“ಗೆದ್ವಿ ದುರುಗಮ್ಮ,” ಅಂದರು. ದನಿ ಗೆದ್ದವರದ್ದಾಗಿರಲಿಲ್ಲ.

ನಾನು ಪೇಡೆ ತಿಂದೆ. ಗೆದ್ದದ್ದು ಸುಳ್ಳಲ್ಲ, ನನ್ನ ಸಹಿಯೂ ಅದರಲ್ಲಿತ್ತು. ಅಷ್ಟರಲ್ಲಿ ಯಂತ್ರಗಳು ತುಕ್ಕು ಹಿಡಿದು, ಗುಜರಿಯವರು ಗೇಟಿನಲ್ಲಿ ತೂಕದ ಮಾತು ಆಡುತ್ತಿದ್ದರು. ಹನುಮಪ್ಪನ ಹೆಸರಿನಲ್ಲಿ ಒಂದು ಷೇರೂ ಇರಲಿಲ್ಲ. ಆ ಕೇಸಿನ ಕಾಗದದಲ್ಲಿ ಅವನು ಪಾರ್ಟಿಯೇ ಅಲ್ಲ.

ಆಮೇಲೆ ನಾನು ಸಂಡೂರಿನ ದಾರಿಯಲ್ಲಿ ಅದಿರು ತೊಳೆಯುವ ಘಟಕವೊಂದರಲ್ಲಿ ಮೇಸ್ತ್ರಿಯಾಗಿ ಸೇರಿ ಅಲ್ಲೇ ಕೆಲಸ ಮುಗಿಸಿದೆ. ಅಲ್ಲಿಯೂ ಒಮ್ಮೊಮ್ಮೆ ಒಂದು ಯಂತ್ರಕ್ಕೆ ಸೀಲು, ಇನ್ನೊಂದಕ್ಕೆ ಸ್ಟೇ ಬರುತ್ತಿತ್ತು. ಇದು ಯಾರದ್ದು, ಕೇಸು ಯಾವ ಹಂತದಲ್ಲಿದೆ ಎಂದು ಎಲ್ಲರೂ ಕೇಳುತ್ತ ನಿಲ್ಲುತ್ತಿದ್ದರು. ನಾನು ಹೋಗಿ ಮೊದಲು ಅಂಗೈ ಇಟ್ಟು ನೋಡುತ್ತಿದ್ದೆ. ಬಿಸಿ ಇದ್ದರೆ ಮಸ್ಟರ್ ದೂರದಲ್ಲಿ ಕೂಗುತ್ತಿದ್ದೆ. ಸಕ್ಕರೆ ಕಾರ್ಖಾನೆ ನನಗೆ ಕಲಿಸಿದ್ದು ಇಷ್ಟೇ. ಹೊಸದಾಗಿ ಸೇರಿದ ಹೆಂಗಸರಿಗೆ ಪೊರಕೆ ಕೊಡುವ ಮೊದಲು ನಾನು ಕಲಿಸಿದ್ದೂ ಇದನ್ನೇ.